ಅಜ್ಜಿಮನೆ ಅಡುಗೆಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಯಾವುದಿತ್ತು?

ಅಪ್ಪೆಮಿಡಿ (ಚರ್ಚೆ ಶುರು ಮಾಡಿದವರು)

ಅಜ್ಜಿ ಕೈರುಚಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಕೇಳುತ್ತಿರುವುದು ಸ್ವಲ್ಪ ಬೇರೆ. ರಜೆಗೆ ಅಜ್ಜಿಮನೆಗೆ ಹೋದಾಗ ನಿಮಗೆ ಯಾವ ಕೆಲಸ ಹಚ್ಚುತ್ತಿದ್ದರು? ಸುಮ್ನೆ ಕೂತು ತಿಂದು ಬಂದವರು ಯಾರೂ ಇರಲಿಕ್ಕಿಲ್ಲ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಈ ವರ್ಷ ನಾವು ಮೊಮ್ಮಕ್ಕಳೆಲ್ಲ ಸೇರಿ ಅಮ್ಮಮ್ಮನ ಮಾವಿನ ಮಿಡಿ ಉಪ್ಪಿನಕಾಯಿ ಹಾಕೋಣ ಅಂತ ಹೊರಟೆವು. ಊರು ಸಿದ್ದಾಪುರದ ಹತ್ತಿರ. ಅಮ್ಮಮ್ಮ ಈಗ ಇಲ್ಲ, ಬರೆದಿಟ್ಟದ್ದೂ ಏನೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಮಾತಾಡಿದಾಗ ಗೊತ್ತಾಯಿತು, ಯಾರಿಗೂ ಪೂರ್ತಿ ಗೊತ್ತಿಲ್ಲ. ಯಾರು ಯಾವ ಕೆಲಸ ಮಾಡುತ್ತಿದ್ದರೋ ಅಷ್ಟು ಮಾತ್ರ ಗೊತ್ತು!

ದೊಡ್ಡಣ್ಣನಿಗೆ ಮಿಡಿ ಆರಿಸುವುದು ಗೊತ್ತು. ನೆಲಕ್ಕೆ ಬಿದ್ದಿರಬಾರದು, ಪೆಟ್ಟು ಬಿದ್ದ ಒಂದು ಮಿಡಿ ಸೇರಿದರೂ ಇಡೀ ಭರಣಿ ಹಾಳು. ತೊಟ್ಟು ಸಮೇತ ಕೊಯ್ದಿರಬೇಕು. ತೊಟ್ಟು ಚಿವುಟಿ ಸೊನೆ ಮೂಸಿದರೆ ಜೀರಿಗೆಯ ಪರಿಮಳ ಬರಬೇಕು. ಅವನು ಈಗಲೂ ಸಂತೆಯಲ್ಲಿ ಅದನ್ನೇ ಮಾಡುತ್ತಾನೆ, ಮಾರುವವರು ಬೈಯುತ್ತಾರೆ. ನನ್ನ ಪಾಲು ತೊಳೆದು ಒರೆಸುವುದು. ಒಂದೊಂದೇ ಮಿಡಿಯನ್ನು ಹಳೇ ಪಂಚೆಯಲ್ಲಿ ಒರೆಸಿ, ತೊಟ್ಟು ಚೂರು ಉಳಿಸಿ, ನೀರಿನ ಪಸೆ ಇಲ್ಲದ ಹಾಗೆ ಹರಡಬೇಕು. ಆಮೇಲೆ ಹರಳುಪ್ಪು. ನಮ್ಮ ಮನೆ ಲೆಕ್ಕ ಐದು ಸೇರು ಮಿಡಿಗೆ ಒಂದು ಸೇರು ಉಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಭರಣಿ ಅಲ್ಲಾಡಿಸುವುದು ತಮ್ಮನ ಕೆಲಸ. ಮಿಡಿ ಚಿರುಟಿ, ಉಪ್ಪುನೀರು ಬಿಟ್ಟ ಮೇಲೆ ಸಾಸಿವೆ, ಒಣಮೆಣಸು, ಅರಿಶಿನ ಬೀಸುವುದು ಅತ್ತೆ ಮಗಳ ಪಾಲು.

ಆದರೆ ನಡುವೆ ಒಂದು ಹಂತ ಯಾರಿಗೂ ಗೊತ್ತಿಲ್ಲ. ಆ ಉಪ್ಪುನೀರನ್ನು ಅಮ್ಮಮ್ಮ ಕುದಿಸುತ್ತಿದ್ದರೋ, ಹಾಗೇ ಹಾಕುತ್ತಿದ್ದರೋ? ಅದನ್ನು ಅವರು ಬೆಳಗಿನ ಜಾವ ಮಡಿಯಲ್ಲಿ ಒಬ್ಬರೇ ಮಾಡುತ್ತಿದ್ದರು. ನಾವೆಲ್ಲ ನಿದ್ದೆಯಲ್ಲಿ. ಗೊತ್ತಿದ್ದವರು ಹೇಳಿ. ಅದರ ಜೊತೆ ನಿಮ್ಮ ಕೆಲಸ ಯಾವುದಿತ್ತು ಅದನ್ನೂ ಬರೆಯಿರಿ.

ಕಾಗೆ ಕಾವಲು

ನನ್ನದು ಹಪ್ಪಳ ಕಾಯುವ ನೌಕರಿ. ಪುತ್ತೂರಿನ ಕಡೆ ತೋಟದ ಮನೆ. ಏಪ್ರಿಲ್ ಬಂತು ಅಂದರೆ ಹಲಸಿನಕಾಯಿ ಹಪ್ಪಳ. ಮಳೆ ಹಿಡಿಯುವುದರ ಒಳಗೆ ಡಬ್ಬ ತುಂಬಬೇಕು.

ಬಲಿತ ಕಾಯಿ ಬೇಕು, ಆದರೆ ಹಣ್ಣಿಗೆ ತಿರುಗಿರಬಾರದು. ಸ್ವಲ್ಪ ಸಿಹಿ ಹತ್ತಿದರೂ ಕರಿಯುವಾಗ ಹಪ್ಪಳ ಕೆಂಪಾಗಿ ಬಿಡುತ್ತದೆ. ಕಾಯಿ ಕೊಚ್ಚುವುದು ಅಜ್ಜ, ಸೊಳೆ ಬಿಡಿಸುವುದು ಮನೆಮಂದಿ ಎಲ್ಲ. ಕೈಗೆ ತೆಂಗಿನೆಣ್ಣೆ ಸವರಿಕೊಳ್ಳದೆ ಕೂತರೆ ಮೇಣ ಹತ್ತಿ ಸಂಜೆವರೆಗೂ ಬೆರಳು ಬಿಡಿಸಲು ಆಗದು. ಸೊಳೆಯನ್ನು ಅಟ್ಟಿನಳಗೆಯಲ್ಲಿ (ಹಬೆ ಪಾತ್ರೆ) ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ಒನಕೆಯಲ್ಲಿ ಗುದ್ದಬೇಕು. ಆರಿದರೆ ಹಿಟ್ಟು ಬಿಗಿದುಕೊಳ್ಳುತ್ತದೆ, ಒನಕೆ ಮೇಲೇಳುವುದಿಲ್ಲ. ಆಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಬಾಳೆ ಎಲೆಯ ನಡುವೆ ಇಟ್ಟು, ಎರಡು ಮಣೆಗಳಲ್ಲಿ ಒತ್ತುವುದು.

ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರಡಿದ ಮೇಲೆ ನನ್ನ ಕೆಲಸ ಶುರು. ಕೈಯಲ್ಲಿ ಒಂದು ಕೋಲು, ತಲೆ ಮೇಲೆ ಅಜ್ಜನ ಕಪ್ಪು ಕೊಡೆ. ಕಾಗೆ ಓಡಿಸುವುದು ಬಿಟ್ಟರೆ ಮಧ್ಯಾಹ್ನ ಒಂದು ಸಲ ಎಲ್ಲವನ್ನೂ ಮಗುಚಿ ಹಾಕಬೇಕು. ಅರ್ಧ ಒಣಗಿದ ಹಪ್ಪಳದ ರುಚಿ ಗೊತ್ತಿದ್ದವರಿಗೇ ಗೊತ್ತು. ಅಂಚು ಗರಿಗರಿ, ನಡುವೆ ಮೆತ್ತಗೆ, ಖಾರ. ಸಂಜೆ ಅಜ್ಜಿ ಎಣಿಸುವಾಗ ಲೆಕ್ಕ ತಪ್ಪುತ್ತಿತ್ತು. "ಕಾಗೆ ಆದ್ರೆ ಅಂಚು ಕಚ್ಚಿ ಬಿಡ್ತದೆ. ಇಡೀ ಹಪ್ಪಳ ಹೋಗಿದ್ರೆ ಅದು ಚಡ್ಡಿ ಹಾಕಿದ ಕಾಗೆ" ಅನ್ನುತ್ತಿದ್ದರು. ಬೈದದ್ದು ಇಲ್ಲ. ಮರುದಿನ ಮತ್ತೆ ನನ್ನನ್ನೇ ಕೂರಿಸುತ್ತಿದ್ದರು.

ಕಾಯಿತುರಿ

ನನ್ನದು ತುರಿಮಣೆ ಡಿಪಾರ್ಟ್‌ಮೆಂಟ್. ತುರಿದದ್ದಕ್ಕಿಂತ ತಿಂದದ್ದೇ ಜಾಸ್ತಿ. ಹೇಳಲು ಬೇರೇನೂ ಇಲ್ಲ 😄

ಬಿಳಿಜೋಳ

ವಿಜಯಪುರ ಜಿಲ್ಲೆ, ಇಂಡಿ ಕಡೆ. ನಮ್ಮಲ್ಲಿ ಅಜ್ಜಿಗೆ ಆಯಿ ಅಂತೀವಿ. ಬೆಳಿಗ್ಗೆ ಎದ್ದರೆ ಮೊದಲು ಕೇಳೋದೇ ರೊಟ್ಟಿ ಬಡಿಯುವ ಸಪ್ಪಳ. ಯಾರ ಮನೆಯಲ್ಲಿ ಎಷ್ಟು ಮಂದಿ ಬೀಗರು ಬಂದಿದ್ದಾರೆ ಅಂತ ಆ ಸಪ್ಪಳ ಎಷ್ಟು ಹೊತ್ತು ನಡೆಯಿತು ಅನ್ನುವುದರ ಮೇಲೆ ಓಣಿಯವರು ಹೇಳುತ್ತಿದ್ದರು.

ನನ್ನ ಪಾಲಿಗೆ ನೀರರಿವೆ. ಆಯಿ ಪರಾತದಲ್ಲಿ ರೊಟ್ಟಿ ಬಡಿದು ಎತ್ತಿ ಹಂಚಿಗೆ ಹಾಕಿದ ಕೂಡಲೇ, ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಬೇಕು. ಹಿಟ್ಟು ಹಾರಿ ಬಿಳಿ ಬಿಳಿ ಉಳಿಯಬಾರದು, ನೀರು ಜಾಸ್ತಿಯೂ ಆಗಬಾರದು. ತಡ ಆದರೆ ಮೇಲ್ಮೈ ಒಣಗಿ ಬಿರುಕು ಬಿಡುತ್ತದೆ. ಆಯಿ ಕೂಗುತ್ತಿದ್ದಳು, "ಎತ್ತಾಗ ನೋಡಾಕತ್ತೀಯೋ, ಅರಿವಿ ಎಳಿ ಲಗೂನ!" ಆಮೇಲೆ ಹಂಚಿನಿಂದ ತೆಗೆದು ಒಲೆ ಬಾಯಿಗೆ, ಕೆಂಡದ ಮುಂದೆ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತಿತ್ತು. ಆ ಮೊದಲನೇ ರೊಟ್ಟಿ, ಬೆಣ್ಣೆ, ಮೇಲೆ ಗುರೆಳ್ಳು ಹಿಂಡಿ. ಅದು ನೀರರಿವೆ ಎಳೆದವರ ಹಕ್ಕು.

ಈಗ ಹೆಂಡತಿ, ನಾನು ಇಬ್ಬರೂ ಬೆಂಗಳೂರಿನಲ್ಲಿ ಪ್ಯಾಕೆಟ್ ಹಿಟ್ಟು ತಂದು ಬಡಿಯುತ್ತೇವೆ. ಹರಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಹಿಡಿದುಕೊಳ್ಳುವ ಗುಣ ಇಲ್ಲ. ಕುದಿಯುವ ಎಸರು ಹಾಕಿದರೆ ಮಾತ್ರ ಜಿಗಿ ಬರುತ್ತದೆ, ಅದೂ ಹಿಟ್ಟು ಹೊಸದಾಗಿದ್ದರೆ. ಬೀಸಿ ತಿಂಗಳಾದ ಹಿಟ್ಟಿಗೆ ಯಾವ ಎಸರೂ ಉಪಯೋಗವಿಲ್ಲ. ಆಯಿ ಒಂದು ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಕಳಿಸುತ್ತಿದ್ದಳು. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಎಲ್ಲ ಕಡೆ ಜೋಳದ ಗುಣಗಾನ ಆಯಿತು. ಹೊಸ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನನಗೆ ಅದೇ ಸಾಕಾಗಿತ್ತು.

ಕಾಯಿತುರಿ

@ಬಿಳಿಜೋಳ ಸರ್, ಜೋಳ ತಂದು ಸ್ವಚ್ಛ ಮಾಡಿ ಹತ್ತಿರದ ಫ್ಲೋರ್ ಮಿಲ್‌ನಲ್ಲಿ ಹಾಕಿಸಿ. ಎರಡು ಕೆಜಿ ಆದರೂ ಹಾಕಿ ಕೊಡುತ್ತಾರೆ. ಗೋಧಿ ಹಾಕಿದ ತಕ್ಷಣ ನಿಮ್ಮದು ಹಾಕಬೇಡಿ ಅಂತ ಹೇಳಿ, ಇಲ್ಲಾಂದ್ರೆ ಬೆರಕೆ ಆಗುತ್ತೆ.

ಒತ್ತುಶಾವಿಗೆ

ಮಂಡ್ಯ ಜಿಲ್ಲೆ. ನಾನು ಮನೆಗೆಲ್ಲ ದಪ್ಪ ಹುಡುಗ, ಹಾಗಾಗಿ ಶಾವಿಗೆ ದಿನ ನನಗೆ ಭಾರೀ ಮರ್ಯಾದೆ. ನಮ್ಮಲ್ಲಿದ್ದದ್ದು ಮರದ ಶಾವಿಗೆ ಒರಳು. ಒಂದು ಉದ್ದದ ಸನ್ನೆ, ಅದರ ನಡುವೆ ಒತ್ತುವ ಗುಂಡು, ಕೆಳಗೆ ತೂತಿನ ಬಿಲ್ಲೆ. ಅಕ್ಕಿಹಿಟ್ಟಿನ ಮುದ್ದೆಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಹೊಗೆಯಾಡುವಾಗಲೇ ಒರಳಿಗೆ ತುಂಬಬೇಕು. ಆರಿದರೆ ಎಷ್ಟು ಜನ ಒತ್ತಿದರೂ ಇಳಿಯುವುದಿಲ್ಲ. ಸನ್ನೆಯ ತುದಿಗೆ ನಾನು ಜೋತು ಬೀಳಬೇಕು. ಅಜ್ಜಿ ಕೆಳಗೆ ಕೂತು, ಇಳಿಯುವ ಶಾವಿಗೆಯನ್ನು ಬಾಳೆ ಎಲೆಯ ಮೇಲೆ ಸುತ್ತಿ ಸುತ್ತಿ ಹಿಡಿಯುತ್ತಿದ್ದರು. "ಇಳೀಬ್ಯಾಡ ಕಣ್ಲಾ, ಇನ್ನೊಂದ್ ಮುದ್ದೆ ಐತೆ." ಆ ಇನ್ನೊಂದು ಮುದ್ದೆ ಮುಗಿಯುತ್ತಲೇ ಇರಲಿಲ್ಲ.

ಕಾಯಿಹಾಲು ಒಂದು ಪಾತ್ರೆ, ಗಸಗಸೆ ಪಾಯಸ ಇನ್ನೊಂದು. ಕಾಯಿಹಾಲಿಗೆ ಬೆಲ್ಲ, ಏಲಕ್ಕಿ. ಗಸಗಸೆ ಪಾಯಸ ಕುಡಿದ ಮೇಲೆ ಮಧ್ಯಾಹ್ನ ಇಡೀ ಹಟ್ಟಿಯೇ ಮಲಗುತ್ತಿತ್ತು.

ಇನ್ನೊಂದು ಕೆಲಸ ಡಿಸೆಂಬರ್, ಜನವರಿಯಲ್ಲಿ. ಹಿತಕವರೆ. ಸೊಗಡಿನ ಅವರೆಕಾಯಿ ಬಿಡಿಸಿ, ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿಸುಕಿದರೆ ಬೇಳೆ ಪುಳಕ್ಕನೆ ಹೊರಗೆ. ಗುರಿ ಇಟ್ಟು ಹಿಸುಕಿದರೆ ಎದುರು ಕೂತ ಚಿಕ್ಕಪ್ಪನ ಮಗನ ಕಣ್ಣಿಗೇ ಹೋಗುತ್ತಿತ್ತು. ಈಗ ಸುಲಿದ ಬೇಳೆ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಬೆಂಗಳೂರಿನ ಅವರೆ ಮೇಳಕ್ಕೆ ಹೋದರೆ ದೋಸೆ, ಜಿಲೇಬಿ ಎಲ್ಲ ಅವರೆಯದ್ದೇ. ಜಿಲೇಬಿ ನನಗಂತೂ ಹಿಡಿಸಲಿಲ್ಲ. ಆದರೆ ಕೈಗೆ ಆ ಸೊಗಡು ಹತ್ತದೆ ಹಿತಕಬೇಳೆ ಸಾರು ಉಂಡ ಹಾಗೆ ಅನ್ನಿಸುವುದೇ ಇಲ್ಲ.

ಕುಸ್ವಾರ್

ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ನಮ್ಮದು ಬೇಸಿಗೆ ಕತೆಯಲ್ಲ, ಕ್ರಿಸ್‌ಮಸ್ ಕತೆ. ಹಬ್ಬದ ಮುಂಚಿನ ವಾರ ಅಡುಗೆಮನೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಯಾರಿ. ನೆವ್ರ್ಯೊ, ರೋಸ್ ಕುಕ್ಕಿ, ಅಕ್ಕಿ ಲಾಡು, ಮತ್ತೆ ಮಕ್ಕಳ ಪಾಲಿಗೆ ಕಿಡ್ಯೊ. ಹಿಟ್ಟಿನ ಪುಟ್ಟ ಗುಳಿಗೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಸುರುಳಿ ಮಾಡಿದರೆ ಗೀರು ಗೀರಾಗಿ ಬರುತ್ತದೆ. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು ದೊಡ್ಡವರು. ಒಂದು ಕೆಜಿ ಹಿಟ್ಟಿಗೆ ಎಷ್ಟು ಸುರುಳಿ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ, ಅಳು ಬರುತ್ತದೆ. ಅಜ್ಜಿ ಜೊತೆಗೆ ಕೂತು ತೇರ್ಸ್ (ಜಪಮಾಲೆ) ಹೇಳಿಸುತ್ತಿದ್ದರು. ಪ್ರಾರ್ಥನೆಯೂ ಆಯಿತು, ಕಿಡ್ಯೊವೂ ಆಯಿತು.

ಹಬ್ಬದ ದಿನ ತಟ್ಟೆಗೆ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರುವುದೂ ನಮ್ಮ ಕೆಲಸವೇ. ಪಕ್ಕದ ಮನೆಯ ಬಾಯಮ್ಮ ತಟ್ಟೆ ಯಾವತ್ತೂ ಖಾಲಿ ವಾಪಸ್ ಕೊಡುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು.

ಮುಸುರೆ ತಿಕ್ಕಿದವಳು

ಎಲ್ಲರದೂ ಓದಿದೆ. ಖುಷಿಯೂ ಆಯಿತು. ಆದರೆ ಒಂದು ಗಮನಿಸಿದಿರಾ? ಕಾಗೆ ಕಾದವರು, ಸನ್ನೆಗೆ ಜೋತು ಬಿದ್ದವರು, ಹಪ್ಪಳ ಕದ್ದವರು, ಜಾಸ್ತಿ ಎಲ್ಲ ಗಂಡುಹುಡುಗರು. ಮುಸುರೆ ತಿಕ್ಕಿದವರು ಇನ್ನೂ ಯಾರೂ ಬರೆದಿಲ್ಲ. ಅದು ನನ್ನ ಕೆಲಸ.

ಬಚ್ಚಲ ಪಕ್ಕದ ಕಲ್ಲು. ಒಂದು ಕರಟದಲ್ಲಿ ಬೂದಿ, ಇನ್ನೊಂದರಲ್ಲಿ ಹುಳಿ ಹಿಂಡಿದ ಹುಣಸೆ ಚರಟ, ಕೈಯಲ್ಲಿ ತೆಂಗಿನ ನಾರು. ಹಿತ್ತಾಳೆಗೆ ಹುಣಸೆ, ಮಸಿ ಹಿಡಿದ ತಳಕ್ಕೆ ಬೂದಿ. ಅನ್ನದ ಪಾತ್ರೆಯ ಹೊರಗೆ ಮೊದಲೇ ಒದ್ದೆ ಬೂದಿ ಬಳಿದು ಒಲೆಗೆ ಇಟ್ಟರೆ ಮಸಿ ಸಲೀಸಾಗಿ ಬಿಡುತ್ತದೆ. ಅಷ್ಟನ್ನು ಮಾತ್ರ ಅಜ್ಜಿ ನನಗೆ ಗುಟ್ಟು ಅಂತ ಹೇಳಿಕೊಟ್ಟದ್ದು. ಮದುವೆಗೆ ಬಂದ ನೆಂಟರೆಲ್ಲ ಉಂಡು ಜಗಲಿಯಲ್ಲಿ ಇಸ್ಪೀಟು ಆಡುವಾಗ ನಾನು, ಅಕ್ಕ, ಚಿಕ್ಕಮ್ಮ ಬಚ್ಚಲ ಕಲ್ಲಿನ ಹತ್ತಿರ. ನನಗಿಂತ ಎರಡು ವರ್ಷ ದೊಡ್ಡ ಅಣ್ಣನನ್ನು ಯಾರೂ ಕರೆಯಲಿಲ್ಲ.

ಅಜ್ಜಿ ಉಣ್ಣುತ್ತಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ತಳದ ಸಾರು, ಹೊತ್ತಿದ ಅನ್ನ. ಅವರಿಗೆ ಅಡುಗೆ ಇಷ್ಟವೇ ಇರಲಿಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಕ್ಕೆ. ಇಷ್ಟ ಇದ್ದದ್ದು ಓದು. ಬೇಳೆ ಬೇಯುವಷ್ಟು ಹೊತ್ತು ಒಲೆ ಬೆಳಕಿಗೆ 'ಸುಧಾ' ಹಿಡಿದು ಧಾರಾವಾಹಿ ಓದುತ್ತಿದ್ದರು. ಸಾರು ಉಕ್ಕಿದರೆ ಅತ್ತೆಯಿಂದ ಬೈಗುಳ. ತಿಂಗಳಿಗೆ ಮೂರು ದಿನ ಹೊರಗೆ ಕೂರುವಾಗಲೇ ಪೂರ್ತಿ ಕತೆ ಓದಲು ಆಗುತ್ತಿದ್ದದ್ದು ಅಂತ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ನೆನಪು ಬೇಡ ಅನ್ನುತ್ತಿಲ್ಲ. ಬರೆಯುವಾಗ ಇದನ್ನೂ ಬರೆಯೋಣ ಅಂದೆ ಅಷ್ಟೇ.

ಕಾಗೆ ಕಾವಲು

ಅಕ್ಕಾ, ನಮ್ಮಲ್ಲಿ ಗುದ್ದುವ ಒನಕೆ ಗಂಡಸರ ಕೈಯಲ್ಲೇ ಇರುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಹಪ್ಪಳ ಒತ್ತುವುದು ಹೆಂಗಸರು. ತೊಳೆಯುವುದು... ಹೌದು, ಅದೂ ಹೆಂಗಸರೇ.

ಬೀಗದಕೈ ಗೊಂಚಲು

@ಮುಸುರೆ ತಿಕ್ಕಿದವಳು, ಎಲ್ಲ ಮನೆಯೂ ಹಾಗೆ ಇರಲಿಲ್ಲ ಕಣ್ರೀ. ದಾವಣಗೆರೆಯ ನಮ್ಮಜ್ಜಿಯ ಸೊಂಟದಲ್ಲಿ ಉಗ್ರಾಣದ ಬೀಗದಕೈ. ಅಕ್ಕಿ, ಬೆಲ್ಲ, ತುಪ್ಪ ಎಲ್ಲದರ ಲೆಕ್ಕ ಅವರದ್ದು. ಅಜ್ಜ ಯಾರಿಗಾದರೂ ಎರಡು ಸೇರು ಜೋಳ ಕೊಡಬೇಕು ಅಂದರೂ ಅಡುಗೆಮನೆ ಬಾಗಿಲಿಗೆ ಬಂದು ಕೇಳಬೇಕಿತ್ತು. ಅಜ್ಜಿ ಒಲ್ಲೆ ಅಂದರೆ ಮುಗಿಯಿತು.

ಮುಸುರೆ ತಿಕ್ಕಿದವಳು

ಅಧಿಕಾರ ಇತ್ತು ಅಂತಲೇ ಇಟ್ಟುಕೊಳ್ಳೋಣ. ರಜೆ ಇತ್ತಾ?

ಅಪ್ಪೆಮಿಡಿ

ಈ ಮಾತು ನಮ್ಮ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಅತ್ತೆ ಮಗಳು ಒಂದೇ ಸಾಲು ಬರೆದಳು: "ನಾನು ಖಾರ ಬೀಸಿ ಕೈ ಉರಿ ಅಂತ ಅತ್ತಾಗ ನೀವೆಲ್ಲ ಹೊಳೆಯಲ್ಲಿ ಈಜುತ್ತಿದ್ದಿರಿ." ಈ ಸಲ ಬೀಸುವುದು ಅಣ್ಣ ಅಂತ ತೀರ್ಮಾನ ಆಗಿದೆ. ಅಣ್ಣ ಮಿಕ್ಸಿ ಬಗ್ಗೆ ವಿಚಾರಿಸುತ್ತಿದ್ದಾನೆ.

ಮೂರೊಲೆ

ಹೊಗೆ ಬಗ್ಗೆ ಯಾರೂ ಹೇಳಲಿಲ್ಲ. ಒಲೆ ಬೆಳಕಿಗೆ ಓದುತ್ತಿದ್ದರು ಅಂದಾಗ ನೆನಪಾಯಿತು. ನಮ್ಮಜ್ಜಿ ಕಣ್ಣು ಯಾವಾಗಲೂ ಕೆಂಪು. ನನ್ನ ಕೆಲಸ ಊದುಕೊಳವೆ. ಹಸಿ ಸೌದೆ ಇದ್ದರೆ ಊದಿ ಊದಿ ತಲೆ ತಿರುಗುತ್ತಿತ್ತು.

ನಮ್ಮದು ಕುಣಿಗಲ್ ತಾಲ್ಲೂಕು, ಉಂಗ್ರದ ಆಸುಪಾಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿದ್ದರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದಕ್ಕೆ. ಉಂಗ್ರದಲ್ಲಿ ಅವರ ಕೇಂದ್ರವಿತ್ತು. ಅವರು ಮಾಡಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೆ ಕೂರುತ್ತವೆ, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಮೊದಲ ಪಾತ್ರೆಗೆ ಜೋರು ಉರಿ, ಮೂರನೆಯದರಲ್ಲಿ ನೀರು ಕಾಯುತ್ತದೆ. ಸೌದೆಯೂ ಕಡಿಮೆ, ಹೊಗೆ ಎಲ್ಲ ಮನೆಯಿಂದ ಆಚೆ.

ನಮ್ಮನೆಗೂ ಹಾಕಿಸಿದರು. ಅಜ್ಜಿ ಮೊದಲು ಒಪ್ಪಲಿಲ್ಲ. ಯಾಕೆ ಅಂದರೆ ಅದರ ಬಾಯಿ ಚಿಕ್ಕದು. ಹಳೇ ಒಲೆಗೆ ಉದ್ದನೆ ಸೌದೆ ತುರುಕಿ, ಉರಿದ ಹಾಗೆ ಒಳಗೆ ನೂಕುತ್ತಾ ಹೋದರೆ ಸಾಕು. ಇದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು. "ಹೊಗೆ ಕಮ್ಮಿ ಮಾಡಕ್ಕೆ ಹೋಗಿ ಕೊಡಲಿ ಕೆಲ್ಸ ಜಾಸ್ತಿ ಮಾಡವ್ರೆ" ಅಂದರು. ಸೌದೆ ಸೀಳುವುದು ಅಜ್ಜನ ಪಾಲಿಗೆ ಬಂತು, ಆಗ ಅಜ್ಜಿ ಒಪ್ಪಿದರು! ನನ್ನ ಊದುಕೊಳವೆ ಅಟ್ಟ ಸೇರಿತು. ಆಮೇಲೆ ಗ್ಯಾಸ್ ಬಂತು. ಮುದ್ದೆ ಮಾತ್ರ ಕೊನೆವರೆಗೂ ಸೌದೆ ಒಲೆಯಲ್ಲೇ. ಮುದ್ದೆ ತೊಳಸುವಾಗ ಪಾತ್ರೆ ಅಲ್ಲಾಡದ ಹಾಗೆ ಕವೆಗೋಲು ಒತ್ತಿ ಹಿಡಿಯಬೇಕಲ್ಲ, ಗ್ಯಾಸ್ ಒಲೆಯ ಮೇಲೆ ಆ ಜೋರು ಹಾಕಿದರೆ ಸ್ಟ್ಯಾಂಡೇ ಬಗ್ಗುತ್ತದೆ.

ಬಿಳಿಜೋಳ

ಕೊಡಲಿ ಅಜ್ಜನ ಕೈಗೆ ಹೋದ ಮೇಲೆ ಒಪ್ಪಿದರು ಅನ್ನೋದು ಭಾರೀ ಛಲೋ ಐತ್ರಿ. @ಮುಸುರೆ ತಿಕ್ಕಿದವಳು, ಇದನ್ನ ನೋಡಿದ್ರಾ?

ಮುಸುರೆ ತಿಕ್ಕಿದವಳು

ನೋಡಿದೆ. ಆ ಅಜ್ಜಿಗೆ ಒಂದು ನಮಸ್ಕಾರ.

ನಾನಿಖಟಾಯಿ

ನಾನು ಚನ್ನಪಟ್ಟಣ. ಈದ್‌ಗೆ ಮುಂಚೆ ನಾನಿ ಮನೆಯಲ್ಲಿ ಬಿಸ್ಕತ್ ಮಾಡಿಸುವ ಗಡಿಬಿಡಿ. ಮೈದಾ, ಸಕ್ಕರೆ, ತುಪ್ಪ ಎಲ್ಲ ನಾನಿ ಅಳೆದು ಕೊಡುತ್ತಿದ್ದರು. ಅದನ್ನು ಹೊತ್ತುಕೊಂಡು ಬೇಕರಿಗೆ ಹೋಗಿ, ಅಲ್ಲಿ ಕಲಸಿ ಒತ್ತಿ ಟ್ರೇಗೆ ಜೋಡಿಸಿ ಭಟ್ಟಿಗೆ ಹಾಕಿಸಿಕೊಂಡು ಬರಬೇಕು. ಊರಿನವರೆಲ್ಲ ಅದೇ ವಾರ ಬರುವುದರಿಂದ ರಾತ್ರಿ ತರಾವೀಹ್ ನಮಾಜ್ ಆದ ಮೇಲೂ ಕ್ಯೂ. ನನ್ನ ಕೆಲಸ ಟ್ರೇ ಮೇಲೆ ಕಣ್ಣಿಡುವುದು. ಸ್ವಲ್ಪ ಮೈಮರೆತರೆ ನಮ್ಮ ಟ್ರೇ ಇನ್ನೊಬ್ಬರ ಡಬ್ಬಕ್ಕೆ. ಮನೆಗೆ ಬಂದ ಮೇಲೆ ನಾನಿ ಒಂದು ಮುರಿದು ಬಾಯಿಗೆ ಹಾಕಿ, ತುಪ್ಪ ನಮ್ಮ ಮನೆಯದ್ದೇ ಹೌದೋ ಅಲ್ಲವೋ ಹೇಳಿಬಿಡುತ್ತಿದ್ದರು. ಒಂದು ಸಲ ಅಲ್ಲ ಅಂದರು. ವಾಪಸ್ ಹೋಗಿ ನೋಡಿದರೆ ನಿಜವಾಗಿಯೂ ಅದಲುಬದಲಾಗಿತ್ತು.

ಡಲ್ಲಾಸ್ ಕನ್ನಡತಿ

@ಕಾಗೆ ಕಾವಲು, ಒಂದು ಸಹಾಯ. ಇಲ್ಲಿ ಟೆಕ್ಸಾಸ್‌ನಲ್ಲಿ ಬಿಸಿಲಿಗೇನು ಬರವಿಲ್ಲ. ಹಲಸಿನಕಾಯಿ ಫ್ರೀಜರ್‌ನಲ್ಲಿ, ಡಬ್ಬದಲ್ಲಿ ಸಿಗುತ್ತದೆ. ಅದರಲ್ಲಿ ಹಪ್ಪಳ ಆಗುತ್ತದಾ? ಮಗಳಿಗೆ ಒಂದು ದಿನ ಕಾಗೆ ಕಾಯಿಸಬೇಕು ಅಂತ ಆಸೆ. ಇಲ್ಲಿ ಅಳಿಲು ಕಾಟ ಜಾಸ್ತಿ.

ಕಾಗೆ ಕಾವಲು

ಡಬ್ಬದ್ದು ಬೇಡ ಅಕ್ಕ. ಅದು ಉಪ್ಪುನೀರಲ್ಲಿ ಇಟ್ಟ ಎಳೆಕಾಯಿ, ಪಲ್ಯಕ್ಕೆ ಸರಿ, ಹಪ್ಪಳಕ್ಕೆ ಬೇಕಾದ ಹಿಟ್ಟಿನ ಅಂಶ ಅದರಲ್ಲಿ ಇರುವುದಿಲ್ಲ. ಫ್ರೀಜರ್‌ದಾದರೆ ಪ್ಯಾಕೆಟ್ ನೋಡಿ. ಬಲಿತ ಕಾಯಿಯ ಸೊಳೆ ಆಗಿದ್ದರೆ ಪ್ರಯತ್ನಿಸಬಹುದು. ಕರಗಿಸಿ, ನೀರು ಪೂರ್ತಿ ಹಿಂಡಿ, ಆಮೇಲೆ ಹಬೆಯಲ್ಲಿ ಬೇಯಿಸಿ. ಒನಕೆ ಬದಲು ಫುಡ್ ಪ್ರೊಸೆಸರ್ ಸಾಕು, ಆದರೆ ಬಿಸಿ ಇರುವಾಗಲೇ ಹಾಕಿ. ಹಿಟ್ಟು ಕೈಗೆ ಅಂಟುತ್ತಾ ಇದ್ದರೆ ಎಣ್ಣೆ ಸವರಿಕೊಳ್ಳಿ, ಅಕ್ಕಿಹಿಟ್ಟು ಬೆರೆಸಬೇಡಿ. ಎರಡೂ ಕಡೆ ಖಡಕ್ ಆಗುವವರೆಗೆ ಬಿಸಿಲು ಬೇಕು. ಒಳಗೆ ಪಸೆ ಉಳಿದರೆ ಡಬ್ಬದಲ್ಲಿ ಬೂಸ್ಟು ಹಿಡಿಯುತ್ತದೆ. ಅಳಿಲಿಗೆ ಮೇಲೆ ತೆಳು ಬಟ್ಟೆ ಕಟ್ಟಿ. ಮಗಳಿಗೆ ಅರ್ಧ ಒಣಗಿದ್ದು ಕದಿಯಲು ಬಿಡಿ, ಅದನ್ನು ಮಾತ್ರ ಮರೆಯಬೇಡಿ.

ಕೊಟ್ಟೆ ಕಡುಬು

ನಾನು ಕುಂದಾಪುರದವಳು. ಅಷ್ಟಮಿಗೆ ಹಲಸಿನ ಎಲೆ ಕೊಯ್ದು ತರುವುದು, ಹಿಡಿಕಡ್ಡಿ ಸೀಳಿ ಕೊಡುವುದು ನಮ್ಮ ಕೆಲಸ. ನಾಲ್ಕು ಎಲೆ ಸೇರಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುವುದು ಅಮ್ಮಮ್ಮ. ಎಲೆ ಎಳೆಯದಾದರೆ ಹರಿಯುತ್ತದೆ, ತೀರಾ ಬಲಿತದ್ದಾದರೆ ಮಡಚಿದಲ್ಲಿ ಒಡೆಯುತ್ತದೆ. ನಾವು ತಂದ ಎಲೆಯಲ್ಲಿ ಅರ್ಧ ದನಕ್ಕೆ ಹೋಗುತ್ತಿತ್ತು. ನಾನು ಈಗ ಸ್ಟೀಲ್ ಲೋಟದಲ್ಲಿ ಹಿಟ್ಟು ಹೊಯ್ದು ಬೇಯಿಸುತ್ತೇನೆ. ಅಮ್ಮ ಅದನ್ನು ಕಡುಬು ಅಂತ ಕರೆಯಲು ಒಪ್ಪುವುದಿಲ್ಲ. ಎಲೆಯ ವಾಸನೆ ಇಲ್ಲದೆ ಅದು ಉದ್ದ ಇಡ್ಲಿ ಅಷ್ಟೇ. ಅಮ್ಮ ಹೇಳುವುದೇ ಸರಿ.

ಹರಳುಪ್ಪು

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬಂದೆ. ಸಾಗರದವಳು, ಈಗಲೂ ಪ್ರತಿ ವರ್ಷ ಮಿಡಿ ಹಾಕುತ್ತೇನೆ. @ಅಪ್ಪೆಮಿಡಿ, ನಮ್ಮಲ್ಲಿ ಕುದಿಸುತ್ತೇವೆ. ಮಿಡಿ ಚಿರುಟಿದ ಮೇಲೆ ಅದನ್ನು ಬೇರೆ ತೆಗೆದು, ಉಪ್ಪುನೀರು ಸೋಸಿ, ಕುದಿಸಿ, ಮೇಲೆ ಬರುವ ನೊರೆ ತೆಗೆದು, ಪೂರ್ತಿ ಆರಿಸಬೇಕು. ಪೂರ್ತಿ ಅಂದರೆ ಪೂರ್ತಿ. ಉಗುರು ಬೆಚ್ಚಗೆ ಇದ್ದರೂ ಮಿಡಿ ಮೆತ್ತಗಾಗುತ್ತದೆ. ಆ ನೀರಿನಲ್ಲೇ ಸಾಸಿವೆ, ಮೆಣಸು ಬೀಸುವುದು. ಬೇರೆ ನೀರು ಒಂದು ಹನಿ ಸೋಕಬಾರದು. ನಿಮ್ಮ ಅಮ್ಮಮ್ಮ ಬೆಳಗಿನ ಜಾವ ಮಾಡುತ್ತಿದ್ದದ್ದು ಇದಕ್ಕೇ ಇರಬೇಕು. ಬೇಗ ಕುದಿಸಿಟ್ಟರೆ ಮಧ್ಯಾಹ್ನಕ್ಕೆ ತಣ್ಣಗಾಗುತ್ತದೆ.

ಹೊಳೆಸಾಲು ಅಪ್ಪೆ

ಕುದಿಸಿದರೆ ಪರಿಮಳ ಹೋಯಿತು ಅಂತಲೇ ಲೆಕ್ಕ. ನಮ್ಮದು ಶಿರಸಿ ಕಡೆ, ಅಘನಾಶಿನಿ ದಂಡೆಯ ಮರದ ಮಿಡಿ. ಆ ಮರದ ಮಿಡಿಗೆ ಬೆಲೆ ಇರುವುದೇ ಸೊನೆಯ ಪರಿಮಳಕ್ಕೆ, ಅದೆಲ್ಲ ಉಪ್ಪುನೀರಿಗೇ ಇಳಿದಿರುತ್ತದೆ. ಅದನ್ನು ಒಲೆ ಮೇಲಿಟ್ಟು ಆವಿ ಮಾಡಿದರೆ ಉಳಿಯುವುದೇನು? ಉಪ್ಪು ಸರಿ ಇದ್ದರೆ ಕುದಿಸುವುದು ಬೇಕಿಲ್ಲ. ನಮ್ಮಜ್ಜಿ ಯಾವತ್ತೂ ಕುದಿಸಲಿಲ್ಲ. ಎರಡನೇ ವರ್ಷದ ಉಪ್ಪಿನಕಾಯಿಯೂ ಗಟ್ಟಿಯಾಗಿ, ಕಚ್ಚಿದರೆ ಕಟಂ ಅನ್ನುತ್ತಿತ್ತು. ಅಪ್ಪೆಮಿಡಿ ಮಾವಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸುಮ್ನೆ ಸಿಕ್ಕಿಲ್ಲ.

ಹರಳುಪ್ಪು

ನಿಮ್ಮಲ್ಲಿ ಉಪ್ಪು ಜಾಸ್ತಿ ಹಾಕುತ್ತಾರೆ. ನಾಲ್ಕಕ್ಕೆ ಒಂದು ಇರಬೇಕು. ಅವರದ್ದು ಐದಕ್ಕೆ ಒಂದು. ಆ ಅಳತೆಗೆ ಕುದಿಸದೆ ಇಟ್ಟರೆ ಮಳೆಗಾಲದಲ್ಲಿ ಮೇಲೆ ಬಿಳಿ ಕಟ್ಟುತ್ತದೆ.

ಹೊಳೆಸಾಲು ಅಪ್ಪೆ

ಹೌದು, ನಮ್ಮದು ನಾಲ್ಕಕ್ಕೆ ಒಂದು. ಅದೊಂದು ಮಾತು ಒಪ್ಪಿದೆ. ಪರಿಮಳದ ಮಾತು ಬಿಡುವುದಿಲ್ಲ.

ಅಪ್ಪೆಮಿಡಿ

ಇಬ್ಬರಿಗೂ ಧನ್ಯವಾದ. ಈಗ ಗೊತ್ತಾಗುತ್ತಿದೆ. ನಮ್ಮಲ್ಲಿ ಐದಕ್ಕೆ ಒಂದು ಅಂದರೆ ಅಮ್ಮಮ್ಮ ಕುದಿಸುತ್ತಿದ್ದಿರಬೇಕು. ತಮ್ಮನನ್ನು ಕೇಳಿದೆ. ಬೆಳಿಗ್ಗೆ ಭರಣಿ ಅಲ್ಲಾಡಿಸಲು ಹೋದಾಗ ಒಲೆಯ ಪಕ್ಕ ದೊಡ್ಡ ಕಂಚಿನ ಪಾತ್ರೆ ಮುಚ್ಚಿ ಇಟ್ಟಿರುತ್ತಿತ್ತು, ಮುಟ್ಟಬೇಡ ಅನ್ನುತ್ತಿದ್ದರು ಅಂತ ಈಗ ನೆನಪು ಮಾಡಿಕೊಂಡ. ಆದರೆ ಉಪ್ಪುನೀರನ್ನು ಕಂಚಿನಲ್ಲಿ ಕುದಿಸುತ್ತಾರಾ? ಹುಳಿ, ಉಪ್ಪು ಎರಡೂ ಇರುತ್ತಲ್ಲ.

ಹರಳುಪ್ಪು

ಕಲಾಯಿ ಹಾಕಿಸಿದ ಪಾತ್ರೆ ಇರಬೇಕು. ನೀವು ಸ್ಟೀಲ್‌ನಲ್ಲಿ ಕುದಿಸಿ, ಗೋಜೇ ಬೇಡ. ಮಿಡಿ ಎಷ್ಟು ತಂದಿದ್ದೀರಿ?

ಅಪ್ಪೆಮಿಡಿ

ಸಾವಿರ ಮಿಡಿ ಹೇಳಿಟ್ಟಿದ್ದೇವೆ. ಎರಡು ಭರಣಿ ಮಾಡುತ್ತೇವೆ. ಒಂದು ನಿಮ್ಮದು, ಕುದಿಸಿದ್ದು. ಇನ್ನೊಂದು ಹೊಳೆಸಾಲಿನವರದ್ದು, ನಾಲ್ಕಕ್ಕೆ ಒಂದು ಉಪ್ಪು ಹಾಕಿ ಕುದಿಸದೆ. ಮಳೆಗಾಲ ಮುಗಿದ ಮೇಲೆ ಇಲ್ಲೇ ಬರೆಯುತ್ತೇನೆ.

ಮುಸುರೆ ತಿಕ್ಕಿದವಳು

ಭರಣಿ ತೊಳೆಯುವವರು ಯಾರು ಅಂತ ಈಗಲೇ ಬರೆದಿಡಿ.

ಅಪ್ಪೆಮಿಡಿ

ಅಣ್ಣ.